ಬೆಲ್‌ಫಾಸ್ಟಿನ ಪಂಕ್, ಶಿಶುನಾಳದ ಪದ

(ಹಿಂಜವಾಡಿಯಲ್ಲಿ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ನಮ್ಮ ಸಂಘದ ಯುವ ಬಳಗದವರು ಕಳೆದ ತಿಂಗಳು ಎರಡು ಚಲನಚಿತ್ರಗಳನ್ನು ಒಂದರ ಹಿಂದೊಂದರಂತೆ ತೋರಿಸಿದರು. ಒಂದು, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಕಥೆಯುಳ್ಳ 'ಗುಡ್ ವೈಬ್ರೇಷನ್ಸ್'. ಇನ್ನೊಂದು, ನಮ್ಮದೇ ಆದ 'ಸಂತ ಶಿಶುನಾಳ ಶರೀಫ'. ಎತ್ತಣ ಮಾಮರ ಎತ್ತಣ ಕೋಗಿಲೆ ಎಂದು ಅಂದು ಹಲವರು ಹುಬ್ಬೇರಿಸಿದ್ದುಂಟು. ಈ ಎರಡೂ ಚಿತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ನಾಲ್ಕು ಮಾತನಾಡಬೇಕೆಂದು ಅಧ್ಯಕ್ಷರು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಸಂಗೀತ ಶಾಸ್ತ್ರ ಬಲ್ಲವನಲ್ಲ, ಚಿತ್ರವಿಮರ್ಶಕನೂ ಅಲ್ಲ. ಆದರೆ ಈ ಎರಡು ಚಿತ್ರಗಳು ಕೇಳುವ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಸಂಗೀತಗಾರರಿಗಿಂತ ಹೆಚ್ಚಾಗಿ ನಮ್ಮಂಥ ಕೇಳುಗರೇ ಎಂದು ನನಗೆ ತೋರಿದ್ದರಿಂದ ಒಪ್ಪಿಕೊಂಡೆ.

ಮೊದಲು ಬೆಲ್‌ಫಾಸ್ಟಿನ ಹಿನ್ನೆಲೆಯನ್ನು ಸ್ವಲ್ಪ ವಿವರಿಸುವುದು ಅಗತ್ಯ. 1960ರ ದಶಕದ ಕೊನೆಯಿಂದ 1998ರ ಒಪ್ಪಂದದವರೆಗೆ, ಸುಮಾರು ಮೂವತ್ತು ವರ್ಷಗಳ ಕಾಲ, ಆ ನಾಡು ಒಳಜಗಳದಲ್ಲಿ ಬೆಂದುಹೋಯಿತು. ಐರ್ಲೆಂಡಿನೊಡನೆ ಸೇರಬೇಕೆನ್ನುವ ಕ್ಯಾಥೊಲಿಕರು ಒಂದು ಕಡೆ, ಬ್ರಿಟನ್ನಿನಲ್ಲೇ ಉಳಿಯಬೇಕೆನ್ನುವ ಪ್ರಾಟೆಸ್ಟಂಟರು ಇನ್ನೊಂದು ಕಡೆ, ನಡುವೆ ಬ್ರಿಟಿಷ್ ಸೈನ್ಯ. ಸತ್ತವರ ಸಂಖ್ಯೆ ಮೂರೂವರೆ ಸಾವಿರವನ್ನು ಮೀರಿತು. ಒಂದೇ ದೇವರನ್ನು, ಒಬ್ಬನೇ ಕ್ರಿಸ್ತನನ್ನು ನಂಬುವ ಜನ, ಒಂದೇ ಭಾಷೆ ಆಡುವ ಜನ, ಬೀದಿ ಬೀದಿಗಳ ನಡುವೆ ಗೋಡೆ ಕಟ್ಟಿಕೊಂಡರು. ಹುಡುಗ ಯಾವ ಶಾಲೆಗೆ ಹೋಗುತ್ತಾನೆ, ಅವನ ಹೆಸರೇನು, ಯಾವ ಓಣಿಯವನು ಎಂಬಷ್ಟು ತಿಳಿದರೆ ಅವನು ಯಾವ ಪಂಗಡದವನೆಂದು ಹೇಳಿಬಿಡಬಹುದಿತ್ತು. ಹೆಸರು ಕೇಳಿ ಮನುಷ್ಯನನ್ನು ಅಳೆಯುವ ಈ ವಿದ್ಯೆ ನಮಗೂ ಅಪರಿಚಿತವಲ್ಲ.

ಸಂಗೀತಗಾರರಿಗೂ ಅಲ್ಲಿ ರಕ್ಷಣೆ ಇರಲಿಲ್ಲ. 1975ರ ಜುಲೈ 31ರ ನಸುಕಿನಲ್ಲಿ 'ಮಯಾಮಿ ಷೋಬ್ಯಾಂಡ್' ಎಂಬ ಜನಪ್ರಿಯ ತಂಡದ ಕಲಾವಿದರು ಕಾರ್ಯಕ್ರಮ ಮುಗಿಸಿ ಡಬ್ಲಿನ್ನಿಗೆ ಮರಳುತ್ತಿದ್ದಾಗ, ಸೈನಿಕರ ಸಮವಸ್ತ್ರ ತೊಟ್ಟ ಬಂದೂಕುಧಾರಿಗಳು ಅವರ ವಾಹನವನ್ನು ತಡೆದು ಮೂವರನ್ನು ಕೊಂದರು. ಆ ತಂಡದಲ್ಲಿ ಎರಡೂ ಪಂಗಡದವರು ಒಟ್ಟಿಗೆ ಹಾಡುತ್ತಿದ್ದರು. ಆ ಹತ್ಯೆಯಾದ ಮೇಲೆ ಹೊರಗಿನ ತಂಡಗಳು ಅತ್ತ ಕಾಲಿಡಲು ಹೆದರಿದವು. ಕತ್ತಲಾಗುತ್ತಲೇ ನಗರದ ನಡುಭಾಗ ಬರಿದಾಗುತ್ತಿತ್ತು.

ಇಂಥ ಊರಿನಲ್ಲಿ ಟೆರಿ ಹೂಲಿ ಎಂಬ, ಬಾಲ್ಯದಲ್ಲೇ ಒಂದು ಕಣ್ಣು ಕಳೆದುಕೊಂಡ ಮನುಷ್ಯ ಗ್ರೇಟ್ ವಿಕ್ಟೋರಿಯಾ ಬೀದಿಯಲ್ಲಿ ಗಾನಮುದ್ರಿಕೆಗಳ ಅಂಗಡಿ ತೆರೆಯುತ್ತಾನೆ. ಪದೇ ಪದೇ ಬಾಂಬು ಸಿಡಿಯುತ್ತಿದ್ದ ಬೀದಿ ಅದು. ಅಂಗಡಿಗೆ 'ಗುಡ್ ವೈಬ್ರೇಷನ್ಸ್' ಎಂದು ಹೆಸರು. 1978ರಲ್ಲಿ ಅದೇ ಹೆಸರಿನಿಂದ ಮುದ್ರಿಕೆಗಳನ್ನು ಹೊರತರತೊಡಗುತ್ತಾನೆ. ಮೊದಲನೆಯದು 'ರೂಡಿ' ಎಂಬ ಸ್ಥಳೀಯ ಹುಡುಗರ ತಂಡದ್ದು. ಈತನ ಬಾಳಿನ ಕಥೆಯನ್ನೇ ಲಿಸಾ ಬ್ಯಾರೋಸ್ ಡಿಸಾ ಮತ್ತು ಗ್ಲೆನ್ ಲೇಬರ್ನ್ ಎಂಬ ಇಬ್ಬರು ನಿರ್ದೇಶಕರು 2012ರಲ್ಲಿ ತೆರೆಗೆ ತಂದರು. ರಿಚರ್ಡ್ ಡಾರ್ಮರ್ ಎಂಬ ನಟ ಹೂಲಿಯ ಪಾತ್ರ ವಹಿಸಿದ್ದಾನೆ. ಹೂಲಿ ಇಂದಿಗೂ ಹಲವರ ಪಾಲಿಗೆ ಬೆಲ್‌ಫಾಸ್ಟಿನ ಪಂಕ್ ಸಂಗೀತದ ದೊಡ್ಡಣ್ಣ.

ಪಂಕ್ ಎಂಬ ಶಬ್ದ ಕೇಳಿದೊಡನೆ ಕನ್ನಡಿಗರ ಕಿವಿಗೆ 'ಪಂಕ' ನೆನಪಾಗುತ್ತದೆ. ಎರಡಕ್ಕೂ ವ್ಯುತ್ಪತ್ತಿಯ ಸಂಬಂಧವೇನೂ ಇಲ್ಲ. ಇಂಗ್ಲಿಷಿನಲ್ಲಿ ಅದು ಪುಂಡ, ಕೆಲಸಕ್ಕೆ ಬಾರದವ ಎಂಬ ಬೈಗುಳ. ಆದರೂ ಈ ಆಕಸ್ಮಿಕ ಸಾಮ್ಯ ಅರ್ಥಪೂರ್ಣವಾಗಿದೆ. 1976ರ ಸುಮಾರಿಗೆ ನ್ಯೂಯಾರ್ಕ್, ಲಂಡನ್ ನಗರಗಳಲ್ಲಿ ಕೆಲಸವಿಲ್ಲದ, ಭರವಸೆ ಕಳೆದುಕೊಂಡ ಎಳೆಯರು, ಥಳಕಿನ ವೇದಿಕೆಗಳ ಮೇಲೆ ದೀರ್ಘ ವಾದನ ಮಾಡುತ್ತಿದ್ದ ಪ್ರಸಿದ್ಧರಿಗೆ ಬೆನ್ನು ತಿರುಗಿಸಿ, ಎರಡು ಮೂರು ನಿಮಿಷಗಳ ಒರಟು ಹಾಡುಗಳನ್ನು ಕಿರುಚಿ ಹಾಡತೊಡಗಿದರು. 1977ರ ಆರಂಭದಲ್ಲಿ ಇಂಗ್ಲೆಂಡಿನ ಅಭಿಮಾನಿಗಳ ಒಂದು ಪುಟ್ಟ ಪತ್ರಿಕೆ ಗಿಟಾರಿನ ಮೂರು ಸ್ವರಮೇಳಗಳ ಚಿತ್ರ ಬಿಡಿಸಿ, ಇಷ್ಟು ಬಂದರೆ ಸಾಕು, ಹೋಗಿ ತಂಡ ಕಟ್ಟಿರಿ ಎಂಬ ಅರ್ಥದ ಸೂಚನೆ ಕೊಟ್ಟಿತು. ಪಂಕ್ ಸಂಗೀತದ ಪ್ರಣಾಳಿಕೆಯೆಂದರೆ ಅಷ್ಟೇ. ಹಾಡಲು ಯಾರ ಅಪ್ಪಣೆಯೂ ಬೇಕಿಲ್ಲ, ಯಾವ ಘರಾಣೆಯ ಮುದ್ರೆಯೂ ಬೇಕಿಲ್ಲ.

ಚಿತ್ರದ ಕೆಲವು ಸಂಗತಿಗಳನ್ನು ತಮ್ಮ ನೆನಪಿಗೆ ತರಬಯಸುತ್ತೇನೆ. ಅಂಗಡಿ ತೆರೆಯುವ ಮುನ್ನ ಹೂಲಿ ಎರಡೂ ಪಂಗಡಗಳ ಸಶಸ್ತ್ರ ಗುಂಪಿನವರನ್ನು ಕರೆದು ಮುದ್ರಿಕೆಗಳನ್ನು ಉಡುಗೊರೆಯಾಗಿ ಕೊಟ್ಟು, ನನ್ನನ್ನು ನನ್ನ ಪಾಡಿಗೆ ಬಿಡಿ ಎಂದು ಬೇಡಿಕೊಳ್ಳುತ್ತಾನೆ. ಕಪ್ಪ ಕಾಣಿಕೆಯ ಈ ದೃಶ್ಯ ನಗೆ ಬರಿಸುತ್ತದೆ, ಅದರ ಅಡಿಯಲ್ಲಿ ಭಯವೂ ಇದೆ. ಇನ್ನೊಂದು ದೃಶ್ಯದಲ್ಲಿ ಹುಡುಗರ ತಂಡವನ್ನು ವ್ಯಾನಿನಲ್ಲಿ ಕರೆದೊಯ್ಯುತ್ತಿರುವಾಗ ರಾತ್ರಿ ಸೈನಿಕರು ತಡೆಯುತ್ತಾರೆ. ಮಯಾಮಿ ತಂಡದ ಗತಿಯನ್ನು ಬಲ್ಲ ಪ್ರೇಕ್ಷಕರಿಗೆ ಅಲ್ಲಿ ಉಸಿರು ಕಟ್ಟುತ್ತದೆ. ಒಂದೇ ವಾಹನದಲ್ಲಿ ಎರಡೂ ಪಂಗಡದವರೇ ಎಂದು ಸೈನಿಕ ಅಚ್ಚರಿಪಡುತ್ತಾನೆ. ಹುಡುಗರ ಪಂಗಡವನ್ನು ಕೇಳಬೇಕೆಂದು ಹೂಲಿಗೆ ಅದುವರೆಗೆ ಹೊಳೆದೇ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಚಿತ್ರದ ಹೃದಯ ಈ ದೃಶ್ಯ. ಕೋಮುಸೌಹಾರ್ದದ ಬಗ್ಗೆ ಅಲ್ಲಿ ಯಾರೂ ಉಪದೇಶ ಮಾಡುವುದಿಲ್ಲ. ಹಾಡಿನ ಗುಂಗಿನಲ್ಲಿ ಪ್ರಶ್ನೆಯೇ ಮರೆತುಹೋಗಿರುತ್ತದೆ.

ಡೆರಿ ಪಟ್ಟಣದ 'ಅಂಡರ್‌ಟೋನ್ಸ್' ತಂಡದ ಪ್ರಸಂಗವೂ ಹೀಗೆಯೇ. ಡೆರಿ ಎಂದರೆ 1972ರ ಜನವರಿ 30ರಂದು ಮೆರವಣಿಗೆಗಾರರ ಮೇಲೆ ಸೈನ್ಯ ಗುಂಡು ಹಾರಿಸಿ ಹದಿಮೂರು ಜನ ಅಂದೇ ಸತ್ತ ಊರು. ಅಂಥ ಊರಿನ ಹುಡುಗರು ರಕ್ತದ ಬಗ್ಗೆ ಹಾಡುತ್ತಾರೆಂದು ಯಾರಾದರೂ ನಿರೀಕ್ಷಿಸಬಹುದು. ಅವರು ಹಾಡಿದ್ದು ಹದಿಹರೆಯದ ಒಲವಿನ ಬಗ್ಗೆ. ಅವರ ಆ ಹಾಡು, 'ಟೀನೇಜ್ ಕಿಕ್ಸ್', 1978ರಲ್ಲಿ ಹೂಲಿಯ ಮುದ್ರಿಕೆಯಾಗಿ ಹೊರಬಂತು. ಲಂಡನ್ನಿನ ದೊಡ್ಡ ಕಂಪನಿಗಳು ಮೂಸಿಯೂ ನೋಡದ ಆ ಹಾಡನ್ನು ಬಿಬಿಸಿ ಆಕಾಶವಾಣಿಯ ಜಾನ್ ಪೀಲ್ ಮೆಚ್ಚಿ ಒಂದೇ ಕಾರ್ಯಕ್ರಮದಲ್ಲಿ ಎರಡು ಸಲ ಬೆನ್ನುಬೆನ್ನಿಗೆ ಹಾಕಿದರು. ಗುಂಡಿನ ಸದ್ದಿನ ನಡುವೆ ಎಲ್ಲ ಊರಿನ ಎಲ್ಲ ಹುಡುಗರಂತೆ ತಾನೂ ಒಬ್ಬ ಹುಡುಗ ಎಂದು ಹೇಳಿಕೊಳ್ಳುವುದೇ ಅಲ್ಲಿ ಒಂದು ರಾಜಕೀಯ ನಿಲುವಾಗಿತ್ತು.

ಈಗ ಶಿಶುನಾಳಕ್ಕೆ ಬರೋಣ. ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಆ ಹಳ್ಳಿಯಲ್ಲಿ 1819ರಲ್ಲಿ ಶರೀಫರು ಹುಟ್ಟಿದರು, 1889ರಲ್ಲಿ ಕಾಲವಾದರು. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಕೆಲಕಾಲ ಕನ್ನಡ ಶಾಲೆಯ ಮಾಸ್ತರಿಕೆ ಮಾಡಿದ ಶರೀಫರು ಚಾಮರಸನ 'ಪ್ರಭುಲಿಂಗಲೀಲೆ'ಯನ್ನು ಅರಗಿಸಿಕೊಂಡಿದ್ದರು, ಮೊಹರಮ್ಮಿಗೆ ರಿವಾಯತ ಪದಗಳನ್ನೂ ಕಟ್ಟಿದರು. ಅವರ ಗುರು ಕಳಸದ ಗೋವಿಂದ ಭಟ್ಟರು, ಬ್ರಾಹ್ಮಣರು. ನಿನ್ನ ಅಪ್ಪ ಯಾರು ಎಂದು ಭಟ್ಟರು ಕೇಳಿದಾಗ ನಿಮ್ಮ ಅಪ್ಪ ಯಾರೋ ನನಗೂ ಅವನೇ ಎಂದು ಶರೀಫರು ಮರುನುಡಿದರಂತೆ. ಸಿಟ್ಟಿಗೇಳಬಹುದಾಗಿದ್ದ ಭಟ್ಟರು ಹಿಗ್ಗಿದರಂತೆ. ಶಿಷ್ಯನ ಕೊರಳಿಗೆ ಜನಿವಾರವನ್ನೇ ಹಾಕಿದರೆಂದೂ, ಎರಡೂ ಕಡೆಯವರು ಕೆರಳಿದರೆಂದೂ ಜನ ಹೇಳುತ್ತ ಬಂದಿದ್ದಾರೆ. ಇವು ಐತಿಹ್ಯಗಳಿರಬಹುದು. ಆದರೆ ಒಂದು ಸೀಮೆಯ ಜನ ನೂರು ವರ್ಷಕ್ಕೂ ಹೆಚ್ಚು ಕಾಲ ಯಾವ ಐತಿಹ್ಯವನ್ನು ಜೋಪಾನ ಮಾಡಿದರು ಎಂಬುದೂ ಚರಿತ್ರೆಯೇ ಅಲ್ಲವೇ?

ಗುರುಶಿಷ್ಯ ಸಂಬಂಧವನ್ನು ಗೆಳೆತನವೆಂದು ಕರೆಯಬಹುದೇ ಎಂದು ತಾವು ಕೇಳಬಹುದು. ಟಿ. ಎಸ್. ನಾಗಾಭರಣರು ನಿರ್ದೇಶಿಸಿದ ಚಿತ್ರದಲ್ಲಿ ಅದಕ್ಕೆ ಉತ್ತರವಿದೆ. ಶರೀಫರಾಗಿ ಭರತನಾಟ್ಯ ಕಲಾವಿದ ಶ್ರೀಧರ್, ಗೋವಿಂದ ಭಟ್ಟರಾಗಿ ಗಿರೀಶ ಕಾರ್ನಾಡರು. ಪುಣೆಯವರಾದ ನಮಗೆ ಕಾರ್ನಾಡರು ದೂರದವರಲ್ಲ. 1974-75ರಲ್ಲಿ ಇಲ್ಲಿನ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು. ಅವರು ಅಭಿನಯಿಸಿದ ಭಟ್ಟರಲ್ಲಿ ಪೀಠದ ಗತ್ತು ಇಲ್ಲ. ಊರಿನ ಮಡಿವಂತರನ್ನು ಕೆಣಕುವುದರಲ್ಲಿ ಒಂದು ತುಂಟತನವಿದೆ, ಶಿಷ್ಯನ ಸಂಗದಲ್ಲಿ ಒಂದು ಸಲಿಗೆಯಿದೆ. ಊರು ಹೊರಗಿಟ್ಟ ಇಬ್ಬರು ಪರಸ್ಪರರಲ್ಲಿ ಊರನ್ನು ಕಂಡುಕೊಂಡಂತೆ ಅವರು ಬದುಕುತ್ತಾರೆ. ಗೆಳೆತನಕ್ಕೆ ಇದಕ್ಕಿಂತ ಬೇರೆ ಲಕ್ಷಣ ಬೇಕೇ?

ಆ ಚಿತ್ರ ಬಂದ ವರ್ಷವನ್ನು ಮರೆಯಬಾರದು. ಅದು 1990. ಆ ವರ್ಷದ ಅಕ್ಟೋಬರಿನಲ್ಲಿ ರಾಮನಗರ, ಚನ್ನಪಟ್ಟಣಗಳಲ್ಲಿ ಕೋಮುಗಲಭೆ ನಡೆಯಿತು, ಅದರ ಬೆನ್ನಿಗೇ ವೀರೇಂದ್ರ ಪಾಟೀಲರು ಮುಖ್ಯಮಂತ್ರಿ ಸ್ಥಾನ ಕಳೆದುಕೊಂಡರು. ದೇಶದ ಉದ್ದಗಲಕ್ಕೂ ಮಂದಿರ ಮಸೀದಿಯ ಕಾವು ಏರುತ್ತಿದ್ದ ಕಾಲ. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುತ್ತಿದ್ದ ನರ್ಗಿಸ್ ದತ್ ಪ್ರಶಸ್ತಿ ಈ ಕನ್ನಡ ಚಿತ್ರಕ್ಕೆ ಸಂದಿತು. ಬೆಲ್‌ಫಾಸ್ಟಿನ ಹುಡುಗರು ಹಾಡಿದ್ದು ಗಲಭೆಯ ನಡುವೆ. ಶರೀಫರ ಪದಗಳು ನಾಡಿನ ಮನೆಮನೆಯ ಕ್ಯಾಸೆಟ್ಟಿಗೆ ಬಂದದ್ದೂ ನಮ್ಮಲ್ಲಿ ಕಿಡಿ ಹಾರುತ್ತಿದ್ದ ಕಾಲದಲ್ಲೇ.

ಕ್ಯಾಸೆಟ್ಟಿನ ಮಾತು ಬಂದದ್ದರಿಂದ ಸಿ. ಅಶ್ವತ್ಥರನ್ನು ನೆನೆಯಬೇಕು. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಹಾಡಿದವರು. ಕವಿ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರ ಒತ್ತಾಸೆಯಿಂದ ಶರೀಫರ ಪದಗಳತ್ತ ತಿರುಗಿದರು. ಶಿವಮೊಗ್ಗ ಸುಬ್ಬಣ್ಣನವರೂ ಆ ಪದಗಳನ್ನು ನಾಡಿನಾದ್ಯಂತ ಹಾಡಿದರು. ಇಲ್ಲಿಯೂ ಮೂರು ಜನ ಗೆಳೆಯರೇ: ಒಬ್ಬರು ಕಾಲೇಜು ಅಧ್ಯಾಪಕರು, ಒಬ್ಬರು ಕಾರ್ಖಾನೆಯ ನೌಕರರು, ಒಬ್ಬರು ವಕೀಲರು. ಉತ್ತರ ಕರ್ನಾಟಕದ ಭಜನೆಯ ಗುಡಿಗಳಲ್ಲಿ, ಏಕತಾರಿ ದಮ್ಮಡಿಗಳ ಜೊತೆ ಉಳಿದುಬಂದಿದ್ದ ಪದಗಳು ಹಳೆಯ ಮೈಸೂರಿನ ಕಿವಿಗೂ ಬಿದ್ದುದು ಇಂಥವರಿಂದ. ಭಾವಗೀತೆಯ ನಯಕ್ಕೆ ಒಗ್ಗಿದ್ದ ಕಿವಿಗಳಿಗೆ ಅಶ್ವತ್ಥರ ಏರುಕಂಠ ಮೊದಮೊದಲು ಒರಟೆನಿಸಿರಬೇಕು. ಈಗ ಅದೇ ಕಂಠ ನಮಗೆ ಸುಗಮ ಸಂಗೀತದ ಮಾನದಂಡವಾಗಿದೆ. ನಿನ್ನೆಯ ಒರಟು ಇಂದಿನ ಸಂಪ್ರದಾಯವಾಗುವ ಬಗೆ ಇದು.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಐವರು ಯುವ ಸದಸ್ಯರು, ಇಲ್ಲಿನ ಮಾಹಿತಿ ತಂತ್ರಜ್ಞಾನ ಉದ್ಯಾನದಲ್ಲಿ ದುಡಿಯುವವರು, ಬರುವ ರಾಜ್ಯೋತ್ಸವದಲ್ಲಿ ಗಿಟಾರು, ಡ್ರಮ್ಮುಗಳೊಡನೆ ಶರೀಫರ ಪದ ಹಾಡಲು ಅವಕಾಶ ಕೇಳಿದ್ದಾರೆ. ವಿಷಯ ಸಮಿತಿಯ ಮುಂದಿದೆ. ಆಕ್ಷೇಪಗಳು ಮೂರು. ಒಂದು, ಅನುಭಾವದ ಪದವನ್ನು ಹೀಗೆ ಕಿರುಚುವುದು ಅಪಚಾರ. ಎರಡು, ಐವರಲ್ಲಿ ಇಬ್ಬರ ಮನೆಮಾತು ಕನ್ನಡವಲ್ಲ. ಮೂರು, ಪುಣೆಯಂಥ ಸಂಗೀತದ ಊರಿನಲ್ಲಿ ಕನ್ನಡಿಗರ ಮರ್ಯಾದೆಯ ಪ್ರಶ್ನೆ. ಆಕ್ಷೇಪಿಸಿದ ಹಿರಿಯರ ಬಗ್ಗೆ ನನಗೆ ಗೌರವವಿದೆ. ಆದ್ದರಿಂದಲೇ ಒಂದೊಂದಕ್ಕೂ ಉತ್ತರಿಸಲು ಯತ್ನಿಸುತ್ತೇನೆ.

ಮೊದಲನೆಯ ಆಕ್ಷೇಪಕ್ಕೆ ಶರೀಫರ ಸಾಕ್ಷ್ಯವನ್ನೇ ಒಬ್ಬ ಹಿರಿಯರು ಮುಂದಿಟ್ಟರು. ಸ್ವರದ ಮರ್ಮ ತಿಳಿಯದವನು ತಂಬೂರಿ ಮುಟ್ಟಬಾರದೆಂದು ಶರೀಫರ ಒಂದು ಪ್ರಸಿದ್ಧ ಪದ ಎಚ್ಚರಿಸುತ್ತದೆ. ಈ ವಾದ ತೂಕದ್ದು. ಮೂರು ಸ್ವರಮೇಳ ಬಂದರೆ ಸಾಕೆನ್ನುವ ಪಂಕ್ ಹುಡುಗರಿಗೂ ಶರೀಫರಿಗೂ ಇರುವ ದೊಡ್ಡ ಅಂತರವನ್ನು ಅದು ತೋರಿಸುತ್ತದೆ. ಆದರೆ ಆ ತಂಬೂರಿ ಯಾವುದು? ತತ್ತ್ವಪದಗಳ ಪರಿಭಾಷೆಯಲ್ಲಿ ಅದು ಈ ದೇಹ, ಈ ಬದುಕು. ಶರೀಫರು ಕೇಳುವ ಶ್ರುತಿ ಸಂಗೀತ ಪರೀಕ್ಷೆಯ ಶ್ರುತಿಯಲ್ಲ, ಬಾಳಿನ ಶ್ರುತಿ. ನುಡಿದಂತೆ ನಡೆಯದವನು ಎಷ್ಟು ಇಂಪಾಗಿ ಹಾಡಿದರೂ ಅವನ ಕೈಯಿಂದ ತಂಬೂರಿಯನ್ನು ಕಿತ್ತುಕೊಳ್ಳಬೇಕಾಗುತ್ತದೆ. ಆ ಕಟ್ಟಳೆಯನ್ನು ಹುಡುಗರಿಗೆ ಹಚ್ಚುವ ಮೊದಲು ನಮಗೂ ಹಚ್ಚಿಕೊಳ್ಳಬೇಕು.

ಶರೀಫರ ಪದಗಳ ಸಾಮಗ್ರಿಯನ್ನಾದರೂ ನೋಡಿ. ಸೋರುವ ಮಾಳಿಗೆ, ಗುಡುಗುಡಿ, ಕೋಳಿ, ಕೋಡಗ, ಎಡವಿ ಬೀಳುವ ಮುದುಕಿ, ಅಂದಿಗೆ ಹೊಚ್ಚ ಹೊಸದಾಗಿದ್ದ ಗಿರಣಿ. ದೇವರಮನೆಯಲ್ಲಿಟ್ಟು ಪೂಜಿಸಲು ಬರುವ ವಸ್ತು ಒಂದೂ ಇಲ್ಲ. ಧಾರವಾಡ ಸೀಮೆಯ ಬೀದಿಯ ಮಾತಿನಲ್ಲಿ, ಬೈಗುಳಕ್ಕೆ ಹತ್ತಿರದ ಸಲಿಗೆಯಲ್ಲಿ ಅವರು ಅನುಭಾವವನ್ನು ಹೇಳಿದರು. ಪಂಕದಿಂದಲೇ ಪಂಕಜ. ಡೆರಿಯ ಹುಡುಗರು ದಿನಬಳಕೆಯ ಆಸೆಯನ್ನು ಹಾಡಾಗಿಸಿದಂತೆ ಶರೀಫರು ದಿನಬಳಕೆಯ ಮನೆವಾರ್ತೆಯನ್ನು ತತ್ತ್ವವಾಗಿಸಿದರು. ಮೈಸೂರಿನ ರಘು ದೀಕ್ಷಿತರು 2008ರಲ್ಲಿ ತಮ್ಮ ತಂಡದ ಮೊದಲ ಧ್ವನಿಮುದ್ರಿಕೆಯಲ್ಲೇ ಶರೀಫರ ಪದಗಳನ್ನು ಗಿಟಾರಿಗೆ ಹೊಂದಿಸಿದರು. ಕನ್ನಡದ ಒಂದಕ್ಷರ ತಿಳಿಯದ ದೇಶಗಳಲ್ಲೂ ಅವಕ್ಕೆ ಕೇಳುಗರು ದೊರೆತರು. ನಮ್ಮ ಮನೆಯ ಮಕ್ಕಳಲ್ಲಿ ಅನೇಕರು ಶರೀಫರ ಹೆಸರನ್ನು ಮೊದಲು ಕೇಳಿದ್ದೇ ಆ ಹಾಡುಗಳಿಂದ. ಹೊರನಾಡಿನಲ್ಲಿ ಬೆಳೆದು, ಕನ್ನಡ ಲಿಪಿ ಓದಲಾರದ ಮಗು ಗಿಟಾರಿನ ನೆಪದಲ್ಲಿ ಒಂದು ತತ್ತ್ವಪದವನ್ನು ಬಾಯಿಪಾಠ ಮಾಡಿದರೆ ಅದನ್ನು ಅಪಚಾರವೆನ್ನಲು ನನಗೆ ನಾಲಗೆ ಬರುವುದಿಲ್ಲ.

ಎರಡನೆಯ ಆಕ್ಷೇಪ, ಮನೆಮಾತಿನದು. ಐವರಲ್ಲಿ ಒಬ್ಬ ಹುಬ್ಬಳ್ಳಿಯ ಮುಸ್ಲಿಂ ಹುಡುಗ, ಮನೆಯಲ್ಲಿ ಉರ್ದು ಆಡುತ್ತಾನೆ. ಇನ್ನೊಬ್ಬಳು ಇಲ್ಲಿಯವಳೇ, ಮರಾಠಿ ಹುಡುಗಿ, ಡ್ರಮ್ ಬಾರಿಸುತ್ತಾಳೆ. ಶರೀಫರ ಪದ ಹಾಡಲು ಮುಸ್ಲಿಂ ಹುಡುಗನ ಅರ್ಹತೆಯನ್ನು ಪ್ರಶ್ನಿಸುವುದು ಎಂಥ ವಿಪರ್ಯಾಸವೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಮರಾಠಿಯ ವಿಷಯ ಬಂದರೆ, ನಾವು ಕುಳಿತಿರುವ ಈ ಜಾಗದಿಂದ ತುಕಾರಾಮರ ದೇಹೂ ಎಷ್ಟು ದೂರ? ಜ್ಞಾನೇಶ್ವರರ ಆಳಂದಿ ಎಷ್ಟು ದೂರ? ಪಂಢರಪುರದ ವಿಠಲನನ್ನು ಕರ್ನಾಟಕದವನೆಂದು ಕರೆದು ಹಾಡಿದ್ದು ಮರಾಠಿ ಸಂತರ ಪರಂಪರೆಯೇ. ನಮ್ಮ ದೈವವನ್ನು ಅವರು ತಮ್ಮ ನುಡಿಯಲ್ಲಿ ಹಾಡಿ ದೊಡ್ಡದು ಮಾಡಿದರು. ಅವರ ಮಗಳು ನಮ್ಮ ಪದಕ್ಕೆ ತಾಳ ಹಾಕಿದರೆ ಕನ್ನಡಕ್ಕೆ ಕುಂದೇನು? ಬೆಳಗಾವಿಯ ವಿವಾದ ಎರಡೂ ಕಡೆ ಎಷ್ಟು ಕಹಿ ಉಳಿಸಿದೆಯೆಂದು ಪುಣೆಯ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಕಹಿಯ ನಡುವೆ ಇಂಥದೊಂದು ತಂಡ ತಾನಾಗಿ ಹುಟ್ಟಿಕೊಂಡಿರುವುದು ನಮ್ಮ ಭಾಗ್ಯ.

ಮೂರನೆಯದು ಪುಣೆಯ ಸಂಗೀತದ ಮರ್ಯಾದೆ. ಈ ಊರಿನ ಸಂಗೀತಕ್ಕೆ ಕನ್ನಡನಾಡು ಕೊಟ್ಟ ಕೊಡುಗೆ ನಿಜಕ್ಕೂ ಹೆಮ್ಮೆಯದು. ಕುಂದಗೋಳದ ರಾಮಚಂದ್ರರಾಯರು ಸವಾಯಿ ಗಂಧರ್ವರೆನಿಸಿದರು. 1952ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಹೆಸರಿನ ಉತ್ಸವ 1953ರಿಂದ ಇಲ್ಲಿ ನಡೆದುಬಂದಿದೆ. ಅವರ ಶಿಷ್ಯ, ಗದುಗಿನ ಭೀಮಸೇನ ಜೋಶಿಯವರು ಅದನ್ನು ದಶಕಗಳ ಕಾಲ ನಡೆಸಿದರು. ಆದರೆ ಒಂದು ಸಂಗತಿ ತಮ್ಮ ಗಮನಕ್ಕೆ ಬಂದಿದೆಯೋ ಇಲ್ಲವೋ. ಗೋವಿಂದ ಭಟ್ಟರ ಕಳಸವಿರುವುದೂ ಅದೇ ಕುಂದಗೋಳ ತಾಲ್ಲೂಕಿನಲ್ಲಿ. ಒಂದೇ ನೆಲ ಎರಡು ಬೆಳೆ ಕೊಟ್ಟಿತು. ಒಂದು, ವರ್ಷಗಳ ಸಾಧನೆ ಬೇಡುವ ಖಯಾಲು. ಇನ್ನೊಂದು, ಹೊಲದಿಂದ ಬಂದವನು ಕೈಕಾಲು ತೊಳೆದು ಕುಳಿತು ಹಾಡಬಹುದಾದ ಪದ. ಮೊದಲನೆಯದನ್ನು ಪುಣೆಗೆ ತಂದು ಮೆರೆಸಿದೆವು. ಎರಡನೆಯದನ್ನು ತರಲಿಲ್ಲ.

ತರಲಿಲ್ಲವೆಂದೆನೇ? ಅದು ಬಂದಿದೆ, ನಾವು ಕೇಳಿಸಿಕೊಂಡಿಲ್ಲ. ಹಿಂಜವಾಡಿಯ ಈ ಗಾಜಿನ ಕಟ್ಟಡಗಳನ್ನು ಕಟ್ಟಲು ಇಟ್ಟಿಗೆ ಹೊತ್ತವರಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರು ಬಹಳ ಮಂದಿ. ಕಟ್ಟಡ ಮೇಲೇಳುವವರೆಗೆ ಅದರ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವರ ಸಂಸಾರ. ಕಟ್ಟಡ ಮುಗಿದ ಮೇಲೆ ಅವರು ಇನ್ನೊಂದು ಪಾಯಕ್ಕೆ ಹೋಗುತ್ತಾರೆ, ನಾವು ಒಳಗೆ ಬರುತ್ತೇವೆ. ಅವರ ನಡುವೆ ಭಜನೆಯ ಪದ ಬಲ್ಲವರಿದ್ದಾರೆ, ಮೊಹರಮ್ಮಿನ ರಿವಾಯತ ಬಲ್ಲವರಿದ್ದಾರೆ. ಉತ್ತರ ಕರ್ನಾಟಕದಲ್ಲಿ ಮುಸ್ಲಿಮರ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಅಲಾವಿ ಹಬ್ಬ ನಡೆಯುವುದನ್ನು ಆ ಸೀಮೆಯವರು ಬಲ್ಲರು. ಶರೀಫರ ನಿಜವಾದ ವಾರಸುದಾರರು ಇವರು. ಇವರಲ್ಲಿ ಎಷ್ಟು ಮಂದಿ ನಮ್ಮ ಸಂಘದ ಮೆಟ್ಟಿಲು ಹತ್ತಿದ್ದಾರೆ? ನೌಕರಿಯ ವರ್ಗಾವಣೆಯಿಂದಾಗಿ ನಾನು ಮೂರು ನಾಲ್ಕು ರಾಜ್ಯಗಳ ಕನ್ನಡ ಸಂಘಗಳನ್ನು ಕಂಡಿದ್ದೇನೆ. ಎಲ್ಲ ಕಡೆಯೂ ಸದಸ್ಯರ ಪಟ್ಟಿಯಲ್ಲಿ ಅಧಿಕಾರಿಗಳು, ಬ್ಯಾಂಕಿನವರು, ಈಚೆಗೆ ಸಾಫ್ಟ್‌ವೇರಿನವರು. ಗಾರೆ ಕೆಲಸದ ಕನ್ನಡಿಗ ಪಟ್ಟಿಯಲ್ಲಿದ್ದುದನ್ನು ನಾನು ಕಾಣೆ.

ಹಾಗೆಂದು ಹಾಡಿನ ಶಕ್ತಿಯನ್ನು ಉತ್ಪ್ರೇಕ್ಷಿಸಲು ನಾನು ಸಿದ್ಧನಿಲ್ಲ. ಹೂಲಿಯ ಹುಡುಗರು 1978ರಲ್ಲಿ ಹಾಡಿದರು, ಶಾಂತಿ ಒಪ್ಪಂದವಾದದ್ದು 1998ರಲ್ಲಿ. ನಡುವಿನ ಇಪ್ಪತ್ತು ವರ್ಷ ಗುಂಡುಗಳು ನಿಲ್ಲಲಿಲ್ಲ. ನಮ್ಮಲ್ಲಿ ಅಶ್ವತ್ಥರ ಕ್ಯಾಸೆಟ್ಟು ಮನೆಮನೆಗೆ ತಲುಪಿದ್ದ ಮೇಲೆಯೇ, 1994ರ ಆಗಸ್ಟ್ 15ರಂದು, ಈದ್ಗಾ ಮೈದಾನದ ಧ್ವಜಾರೋಹಣದ ವಿವಾದದಲ್ಲಿ ಹುಬ್ಬಳ್ಳಿಯಲ್ಲಿ ಗೋಲಿಬಾರಾಗಿ ಜನ ಸತ್ತರು. ಶಿಶುನಾಳ ಅಲ್ಲಿಂದ ದೂರದ ಊರೇನಲ್ಲ. ಬೆಳಿಗ್ಗೆ ಶರೀಫರ ಪದ ಕೇಳಿ ತಲೆದೂಗಿದವರೇ ಸಂಜೆಗೆ ನೆರೆಯವನ ಬಾಗಿಲಿಗೆ ಕಲ್ಲು ತೂರಬಲ್ಲರು. ಕೇಳುವುದರಿಂದಷ್ಟೇ ಯಾರೂ ಬದಲಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಕಹಿಯಾದ ನಿದರ್ಶನ ಬೇಕಿಲ್ಲ.

ಹಾಗಾದರೆ ಹಾಡಿನಿಂದ ಪ್ರಯೋಜನವೇನು? ಈ ಪ್ರಶ್ನೆಗೆ ಎರಡು ಚಿತ್ರಗಳೂ ಒಂದೇ ಉತ್ತರ ಕೊಡುತ್ತವೆ ಎಂಬುದು ನನ್ನ ತಿಳುವಳಿಕೆ. ಒಟ್ಟಿಗೆ ಕುಳಿತು ಕೇಳುವುದು ಬೇರೆ, ಒಟ್ಟಿಗೆ ಸೇರಿ ಕಟ್ಟುವುದು ಬೇರೆ. ಕೇಳಿ ಚಪ್ಪಾಳೆ ತಟ್ಟಿ ಮನೆಗೆ ಹೋದವನಿಗೆ ಪಕ್ಕದ ಕುರ್ಚಿಯವನ ಹೆಸರೂ ತಿಳಿಯದು. ಆದರೆ ಒಂದೇ ವ್ಯಾನಿನಲ್ಲಿ ರಾತ್ರಿಯೆಲ್ಲ ಪ್ರಯಾಣ ಮಾಡಿದವನು, ಮುದ್ರಿಕೆಯ ಕಾಗದದ ಹೊದಿಕೆಯನ್ನು ಜೊತೆಗೆ ಕುಳಿತು ಮಡಿಸಿದವನು, ಗುರುವಿನೊಡನೆ ಬಯಲಿನಲ್ಲಿ ಬಿಸಿಲುಂಡವನು, ನಾಳೆ ಗಲಭೆಯಾದರೆ ಮೊದಲು ವಿಚಾರಿಸುವುದು ಗೆಳೆಯನ ಕ್ಷೇಮವನ್ನು. ಕೋಮುದ್ವೇಷಕ್ಕೆ ಬೇಕಾಗುವುದು ಮುಖವಿಲ್ಲದ 'ಅವರು'. ಗೆಳೆಯನಿಗೆ ಒಂದು ಮುಖವಿರುತ್ತದೆ, ಬೆಸುರಾದಾಗ ಅವನು ಮಾಡುವ ಪೆಚ್ಚುಮೋರೆಯ ನೆನಪಿರುತ್ತದೆ.

ಗೆಳೆತನಕ್ಕೆ ತೆರಬೇಕಾದ ಬೆಲೆಯನ್ನೂ ಚಿತ್ರಗಳು ಮುಚ್ಚಿಡುವುದಿಲ್ಲ. ಹೂಲಿ ಹಾಡಿನ ಹುಚ್ಚಿನಲ್ಲಿ ಹೆಂಡತಿಯನ್ನು, ಹಸು ಮಗುವನ್ನು ಕಡೆಗಣಿಸುತ್ತಾನೆ, ಸಂಸಾರ ಒಡೆಯುತ್ತದೆ. 1980ರಲ್ಲಿ ಬೆಲ್‌ಫಾಸ್ಟಿನ ದೊಡ್ಡ ಸಭಾಂಗಣವಾದ ಅಲ್ಸ್ಟರ್ ಹಾಲಿನಲ್ಲಿ ಕಾರ್ಯಕ್ರಮ ಏರ್ಪಡಿಸಿದಾಗ ಸಭಾಂಗಣ ಕಿಕ್ಕಿರಿಯುತ್ತದೆ, ಗಲ್ಲಾಪೆಟ್ಟಿಗೆ ಮಾತ್ರ ತುಂಬುವುದಿಲ್ಲ, ಏಕೆಂದರೆ ಬಂದವರಲ್ಲಿ ಬಹುಮಂದಿ ಪುಕ್ಕಟೆ ಅತಿಥಿಗಳು! 1982ರಲ್ಲಿ ಅಂಗಡಿ ಮುಚ್ಚಿತು. ಶರೀಫರೂ ಲೌಕಿಕದಲ್ಲಿ ಗೆದ್ದವರಲ್ಲ. ಲೆಕ್ಕಪತ್ರ ನೋಡುವ ಇಲಾಖೆಯವನಾಗಿ ಹೇಳುವುದಾದರೆ ಇಬ್ಬರ ಖಾತೆಯಲ್ಲೂ ಖರ್ಚೇ ಹೆಚ್ಚು. ಆದರೆ ಕೆಲವು ಜಮೆಗಳು ಖಾತೆದಾರನ ಕಾಲಾನಂತರ ಬರುತ್ತವೆ. ಶಿಶುನಾಳದ ಗದ್ದುಗೆಗೆ ಇಂದಿಗೂ ಎರಡೂ ಧರ್ಮದವರು ಹೋಗಿ ಕಾಯಿ ಒಡೆಸುತ್ತಾರೆ, ಸಕ್ಕರೆ ಹಂಚುತ್ತಾರೆ.

ನಮ್ಮ ಪರೀಕ್ಷೆ ನಡೆಯುವುದು ವೇದಿಕೆಯ ಮೇಲಲ್ಲ. ಹೊಸದಾಗಿ ನೌಕರಿಗೆ ಸೇರಿದ ನಾಲ್ವರು ಗೆಳೆಯರು ಹಿಂಜವಾಡಿಯ ಸುತ್ತ ಬಾಡಿಗೆಯ ಮನೆ ಹುಡುಕಿಕೊಂಡು ಹೋಗುತ್ತಾರೆ. ಎಲ್ಲರ ಹೆಸರು ಕೇಳುವವರೆಗೆ ಮನೆ ಖಾಲಿ ಇರುತ್ತದೆ. ಒಂದು ಹೆಸರು ಕೇಳಿದ ಮೇಲೆ ಅದು ಇದ್ದಕ್ಕಿದ್ದಂತೆ ಬೇರೆಯವರಿಗೆ ಗೊತ್ತಾಗಿಹೋಗಿರುತ್ತದೆ. ಹೀಗೆ ಬಾಗಿಲು ಮುಚ್ಚುವವರಲ್ಲಿ ಮನೆ ಕೊಂಡು ಬಾಡಿಗೆಗೆ ಕೊಡುವ ನಮ್ಮವರೂ ಇಲ್ಲವೇ? ರಾಜ್ಯೋತ್ಸವದಂದು ಶರೀಫರ ಪದಕ್ಕೆ ತಲೆದೂಗಿ, ಮರುದಿನ ಶರೀಫನೆಂಬ ಹೆಸರಿನವನಿಗೆ ಮನೆ ಇಲ್ಲವೆಂದರೆ, ತಂಬೂರಿಯನ್ನು ಕೆಳಗಿಡಬೇಕಾದವರು ನಾವು.

ಆದ್ದರಿಂದ ಈ ಸಭೆಯ ಮುಂದೆ ಎರಡು ವಿನಂತಿಗಳನ್ನು ಇಡುತ್ತೇನೆ. ಬರುವ ರಾಜ್ಯೋತ್ಸವದಲ್ಲಿ ಈ ಐವರಿಗೆ ಪೂರ್ಣ ಪ್ರಮಾಣದ ಅವಕಾಶ ಕೊಡಬೇಕು. ಕೊನೆಯಲ್ಲಿ, ಊಟಕ್ಕೆ ಎಲ್ಲರೂ ಏಳುವ ಹೊತ್ತಿನ ಹತ್ತು ನಿಮಿಷವಲ್ಲ, ಸಭೆ ತುಂಬಿರುವಾಗ ಮುಕ್ಕಾಲು ಗಂಟೆ. ಮತ್ತು ಅದೇ ವೇದಿಕೆಗೆ, ಅದೇ ದಿನ, ಕಟ್ಟಡ ಕಾರ್ಮಿಕರ ವಸತಿಗಳಿಂದ ಭಜನೆಯ ಮೇಳವೊಂದನ್ನು ಕರೆತರಬೇಕು. ಅವರ ಒಂದು ದಿನದ ಕೂಲಿಯನ್ನೂ ಪ್ರಯಾಣದ ಖರ್ಚನ್ನೂ ಸಂಘ ಭರಿಸಬೇಕು. ಅತಿಥಿ ಕಲಾವಿದರಿಗೆ ಸಲ್ಲಿಸುವ ಗೌರವವೇ ಅವರಿಗೂ ಸಲ್ಲಬೇಕು. ಹುಡುಗರು ಆ ಹಿರಿಯರಿಂದ ಪದದ ನಿಜವಾದ ಮಟ್ಟು ಕಲಿಯಲಿ. ಹಿರಿಯರು ಹುಡುಗರ ಗಿಟಾರನ್ನು ಮುಟ್ಟಿ ನೋಡಲಿ. ಅವರು ಒಟ್ಟಿಗೆ ಹಾಡುವುದು ಮೊದಲ ವರ್ಷ ಬೆಸುರಾಗಬಹುದು. ಆಗಲಿ.

ಕೆಲವರಿಗೆ ಇದು ಗದ್ದಲವೆನಿಸಿ ಎದ್ದು ಹೋಗಬೇಕೆನಿಸಬಹುದು. ಅಂಥವರು ದಯವಿಟ್ಟು ಎರಡು ಪದ ಮುಗಿಯುವವರೆಗೆ ಕುಳಿತಿರಬೇಕೆಂದು ಕೈಮುಗಿದು ಬೇಡುತ್ತೇನೆ. ಜಾನ್ ಪೀಲರೂ ಆ ಹುಡುಗರ ಹಾಡನ್ನು ಎರಡು ಸಲ ಹಾಕಿದವರು.

 ವಿನಂತಿಗಳ ಮೇಲಿನ ತೀರ್ಮಾನ ಸಮಿತಿಗೆ ಬಿಟ್ಟದ್ದು.